ವೃಷಭಾವತಿ ಕೂಡಿದ ಅರ್ಕಾವತಿ

ನಂದಿಬೆಟ್ಟದ ಮಗ್ಗುಲಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ಕೆರೆಗಳನ್ನು ದಾಟಿ, ಹೆಸರಘಟ್ಟದಲ್ಲಿ ಒಮ್ಮೆ ನಿಂತು, ತಿಪ್ಪಗೊಂಡನಹಳ್ಳಿಯಲ್ಲಿ ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿಯನ್ನು ಕೂಡಿಕೊಂಡು, ಸಾವನದುರ್ಗದ ಸೀಮೆಯಲ್ಲಿ ಮಂಚನಬೆಲೆಯ ಜಲಾಶಯವನ್ನು ಹಾಯ್ದು, ರಾಮನಗರದ ನಡುವೆ ಹರಿದು, ಕನಕಪುರದ ಮೇಲುಗಡೆ ಭದ್ರಗುಂಡದದೊಡ್ಡಿಯ ಬಳಿ ವೃಷಭಾವತಿಯನ್ನು ಸೇರಿಸಿಕೊಂಡು, ಕಡೆಗೆ ಸಂಗಮದಲ್ಲಿ ಕಾವೇರಿಯೊಡನೆ ಒಂದಾಗುವ ಅರ್ಕಾವತಿಯು, ಮಾಗಡಿ, ರಾಮನಗರ, ಕನಕಪುರ ಈ ಮೂರು ತಾಲ್ಲೂಕುಗಳ ಮಳೆನೀರಿಗೆ ಮುಖ್ಯವಾದ ದಾರಿ. ಪಕ್ಕದ ಚನ್ನಪಟ್ಟಣ ತಾಲ್ಲೂಕು ಮಾತ್ರ ಕಣ್ವ ನದಿಯ ಮೂಲಕ ಶಿಂಷೆಗೆ ಮುಖಮಾಡಿದೆ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯೆನಿಸಿ, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೆಸರನ್ನು ಪಡೆದ ಈ ನಾಡಿನ ಎಲ್ಲೆಗಳನ್ನು ಸರ್ಕಾರವು ಎಷ್ಟು ಬಾರಿ ತಿದ್ದಿದರೂ, ನೀರು ತನ್ನ ಎಲ್ಲೆಯನ್ನು ತಿದ್ದಿಕೊಂಡಿಲ್ಲ. ಬೆಂಗಳೂರಿನ ಬೀದಿಗಳಲ್ಲಿ ತೊಳೆದುಬಿಟ್ಟದ್ದು ಕನಕಪುರದ ಗದ್ದೆಗೆ ಬಂದು ಸೇರುವ ವ್ಯವಸ್ಥೆ ಹೇಗೆ ಬೆಳೆಯಿತು, ಒಂದು ಜಲಾನಯನವನ್ನು ಇಡಿಯಾಗಿ ನೋಡುವ ದೃಷ್ಟಿ ಇಲ್ಲಿ ಯಾವಾಗ ಯಾವಾಗ ಕಂಡು ಮರೆಯಾಯಿತು ಎಂಬುದನ್ನು ವಿಚಾರಿಸುವುದು ಈ ಪ್ರಬಂಧದ ಉದ್ದೇಶ.

ಬೆಂಗಳೂರು ಕುಳಿತಿರುವುದು ಒಂದು ದೀರ್ಘವಾದ ದಿಣ್ಣೆಯ ನೆತ್ತಿಯ ಮೇಲೆ. ಆ ನೆತ್ತಿಯ ಪೂರ್ವಕ್ಕೆ ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ವೃಷಭಾವತಿಯಾಗಿ ನೈಋತ್ಯಕ್ಕೆ ತಿರುಗಿ ಅರ್ಕಾವತಿಗೆ ಬರುತ್ತದೆ. ಬಸವನಗುಡಿಯ ದೊಡ್ಡ ಬಸವನ ಪಾದದಡಿಯಲ್ಲಿ ವೃಷಭಾವತಿ ಹುಟ್ಟುವಳೆಂಬುದು ಬಹುಕಾಲದ ಪ್ರತೀತಿ. 1537ರಲ್ಲಿ ಬೆಂಗಳೂರಿನ ಕೋಟೆಯನ್ನು ಕಟ್ಟಿಸಿದ ಕೆಂಪೇಗೌಡನು ಪೇಟೆಯ ಪಶ್ಚಿಮದ ಈ ಇಳಿಜಾರನ್ನು ಚೆನ್ನಾಗಿ ಬಲ್ಲವನಾಗಿದ್ದನೆಂಬುದಕ್ಕೆ ಧರ್ಮಾಂಬುಧಿ, ಕೆಂಪಾಂಬುಧಿ ಎಂಬ ಎರಡು ಕೆರೆಗಳೇ ಸಾಕ್ಷಿ. ಮೊದಲನೆಯದು ಇಂದು ಬಸ್ಸು ನಿಲ್ದಾಣವಾಗಿದೆ, ಎರಡನೆಯದು ಇನ್ನೂ ಕೆರೆಯಾಗಿ ಉಳಿದಿದೆ. 1638ರಲ್ಲಿ ಬಿಜಾಪುರದ ಸೇನೆಯು ಬೆಂಗಳೂರನ್ನು ವಶಪಡಿಸಿಕೊಂಡ ತರುವಾಯ ಆ ಮನೆತನದವರು ಮಾಗಡಿಗೆ ಬಂದು ನೆಲೆಸಿ ಸಾವನದುರ್ಗವನ್ನು ತಮ್ಮ ಬಲವಾಗಿ ಮಾಡಿಕೊಂಡರು. ಹೀಗೆ ಬೆಂಗಳೂರಿನ ಪಶ್ಚಿಮ ಕಣಿವೆಗೆ ಕೆರೆಗಳನ್ನು ಕಟ್ಟಿಕೊಟ್ಟ ವಂಶವೂ, ಇಂದು ಅರ್ಕಾವತಿಯ ಕಷ್ಟವನ್ನು ಅನುಭವಿಸುತ್ತಿರುವ ಸೀಮೆಯ ಪಾಳೆಯಗಾರರ ವಂಶವೂ ಒಂದೇ.

ಕೆರೆಗಳ ಕಾಲದಲ್ಲಿ ನೀರಿನ ನ್ಯಾಯವು ಕೋಡಿಯ ಮೇಲೆ ನಿಂತಿತ್ತು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಹೋಗಬೇಕು. ತೂಬನ್ನು ಎತ್ತುವವನು ನೀರುಗಂಟಿ, ಅವನಿಗೆ ಸುಗ್ಗಿಯಲ್ಲಿ ಊರವರು ಧಾನ್ಯ ಕೊಡಬೇಕು. ಹೂಳೆತ್ತುವುದು ಊರೊಟ್ಟಿನ ಕೆಲಸ. ಈ ಏರ್ಪಾಡಿನಲ್ಲಿ ಜಗಳಗಳಿರಲಿಲ್ಲವೆಂದಾಗಲಿ, ಎಲ್ಲ ಜಾತಿಯವರಿಗೂ ಸಮನಾದ ಹಕ್ಕಿತ್ತೆಂದಾಗಲಿ ಹೇಳುವುದು ಸತ್ಯಕ್ಕೆ ದೂರವಾದೀತು. ಆದರೂ ಮೇಲಿನೂರಿನವನು ತನ್ನ ನೀರನ್ನು ಕೆಡಿಸಿಕೊಂಡರೆ ಕೆಳಗಿನೂರಿನವನು ಅವನ ಮನೆಬಾಗಿಲಿಗೆ ಬಂದು ಕೇಳಬಹುದಾದಷ್ಟು ಸಮೀಪ ಆ ಇಬ್ಬರ ನಡುವೆ ಇತ್ತು. ಮುಂದೆ ನಗರದ ನೀರೂ ಹಳ್ಳಿಯ ನೀರೂ ಬೇರೆ ಬೇರೆ ಇಲಾಖೆಗಳ ವಶವಾದಾಗ ಕಳೆದುಹೋದದ್ದು ಮುಖ್ಯವಾಗಿ ಆ ಸಮೀಪವೇ ಎಂದು ನಾನು ತಿಳಿದಿದ್ದೇನೆ.

ಊರು ಬೆಳೆದಂತೆ ಬೆಂಗಳೂರಿಗೆ ತನ್ನ ಕೆರೆಗಳು ಸಾಲದೆ ಹೋದುವು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1890ರ ದಶಕದಲ್ಲಿ, ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟೆ ಕಟ್ಟಿ ನಗರಕ್ಕೆ ಕೊಳಾಯಿಯ ನೀರು ತರಿಸಿದರು. ಅದೂ ಸಾಲದಾದಾಗ ಅದೇ ನದಿಯ ಕೆಳಭಾಗದಲ್ಲಿ, ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿಯಲ್ಲಿ, 1933ರಲ್ಲಿ ಚಾಮರಾಜಸಾಗರವು ಸಿದ್ಧವಾಯಿತು. 1898ರ ಪ್ಲೇಗಿನ ಭಯದಿಂದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದಿದ್ದುವಷ್ಟೆ. ನೈರ್ಮಲ್ಯದ ಚಿಂತೆ ಅಲ್ಲಿಗೆ ನಿಲ್ಲದೆ 1922ರಲ್ಲಿ ನಗರದ ನಡುಭಾಗಕ್ಕೆ ಒಳಚರಂಡಿಯು ಬಂದಿತು. 1950ರಲ್ಲಿ ಅದನ್ನು ಇಡೀ ನಗರಕ್ಕೆ ಹರಡುವ ಕಾರ್ಯ ಮೊದಲಾಯಿತು. ಒಳಚರಂಡಿಯೆಂಬುದು ಇಳಿಜಾರನ್ನು ನಂಬಿ ನಡೆಯುವ ಯಂತ್ರ. ಆದುದರಿಂದ ದೊಡ್ಡ ಕೊಳವೆಗಳು ಕಣಿವೆಯ ತಳದಲ್ಲಿ, ರಾಜಕಾಲುವೆಯ ಪಕ್ಕದಲ್ಲಿ, ಕೆಲವೆಡೆ ಅದರ ಒಡಲಿನಲ್ಲಿಯೇ ಮಲಗಿದುವು. ನೀರಿನ ಹಳೆಯ ದಾರಿಯೂ ಕೊಳಚೆಯ ಹೊಸ ದಾರಿಯೂ ಒಂದೇ ಕಣಿವೆಯಲ್ಲಿ ಒಂದರ ಮಗ್ಗುಲಲ್ಲಿ ಒಂದು ಇಳಿದು ಬಂದುದೇ ಮುಂದಿನ ಅನರ್ಥಗಳಿಗೆಲ್ಲ ಮೂಲವಾಯಿತು.

ಆ ಇಳಿಜಾರಿನ ಕೆಳತುದಿಯಲ್ಲಿ, ಬಿಡದಿಯ ಸಮೀಪದ ಬೈರಮಂಗಲದಲ್ಲಿ, 1940ರ ದಶಕದಲ್ಲಿ ವೃಷಭಾವತಿಗೆ ಅಣೆಕಟ್ಟೆ ಕಟ್ಟಿ, ಎಡದಂಡೆ ಬಲದಂಡೆ ನಾಲೆಗಳನ್ನು ತೆಗೆದು, ರೈತರಿಗೆ ಭತ್ತ ಬೆಳೆಯುವ ಅಚ್ಚುಕಟ್ಟನ್ನು ಒದಗಿಸಿಕೊಟ್ಟರು. ಕಟ್ಟಿದವರ ಮನಸ್ಸಿನಲ್ಲಿ ಇದ್ದುದು ಮಳೆಗಾಲದ ಹೊಳೆ. ಮಳೆಗಾಲ ಮುಗಿದ ಮೇಲೂ ತಿಂಗಳು ತಿಂಗಳಿಗೆ ಹೆಚ್ಚಿಕೊಂಡೇ ಬರುವ ಹೊಳೆಯೊಂದನ್ನು ಅವರು ಊಹಿಸಿರಲಾರರು.

1974ನೆಯ ಇಸವಿಯು ಈ ಕಥೆಯ ಕೀಲು. ಕಾವೇರಿಯ ನೀರನ್ನು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಎತ್ತಿ, ಹಾರೋಹಳ್ಳಿ ಮತ್ತು ತಾತಗುಣಿಗಳ ಪಂಪುಮನೆಗಳ ಮೂಲಕ ಸುಮಾರು 100 ಕಿಲೋಮೀಟರು ದೂರ, ಹತ್ತಿರ ಹತ್ತಿರ 500 ಮೀಟರು ಎತ್ತರಕ್ಕೆ ಏರಿಸಿ ಬೆಂಗಳೂರಿಗೆ ಒದಗಿಸುವ ಮೊದಲನೆಯ ಹಂತ ಅದೇ ವರ್ಷ ಮುಗಿಯಿತು. ಅದೇ ವರ್ಷ ವೃಷಭಾವತಿ ಕಣಿವೆಯಲ್ಲಿ ಕೊಳಚೆ ನೀರಿನ ಶುದ್ಧೀಕರಣ ಘಟಕವೂ ಕೆಲಸಕ್ಕೆ ತೊಡಗಿತು. ಅದೇ ವರ್ಷ ಭಾರತದ ಸಂಸತ್ತು ಜಲಮಾಲಿನ್ಯ ನಿವಾರಣೆಯ ಕಾಯಿದೆಯನ್ನು ಅಂಗೀಕರಿಸಿತು. ಅದರ ಬೆನ್ನಿಗೇ ಕರ್ನಾಟಕದ ಮಾಲಿನ್ಯ ನಿಯಂತ್ರಣ ಮಂಡಳಿಯು ಹುಟ್ಟಿತು. ನೀರು, ಶುದ್ಧಿ, ಕಾನೂನು ಮೂರೂ ಒಂದೇ ವರ್ಷದಲ್ಲಿ ಕೂಡಿಬಂದುದನ್ನು ನೋಡಿದರೆ ಎಂಥ ಶುಭಾರಂಭವೆಂದು ತೋರಬೇಕು. ಆದರೆ ಈ ಮೂರೂ ಸಮಾನವಾಗಿ ಬೆಳೆಯಲಿಲ್ಲ. ಕಾವೇರಿಯ ಹಂತಗಳು 1980, 1990ರ ದಶಕಗಳಲ್ಲಿಯೂ, 2002ರಲ್ಲಿಯೂ, 2012ರಲ್ಲಿಯೂ ಒಂದರ ಮೇಲೊಂದು ಏರಿದುವು; 2024ರ ಐದನೆಯ ಹಂತವು ಒಂದೇ ಸಲಕ್ಕೆ ದಿನಕ್ಕೆ 775 ದಶಲಕ್ಷ ಲೀಟರನ್ನು ಸೇರಿಸಿತು. ಮನೆಗೆ ಬಂದ ನೀರಿನಲ್ಲಿ ಐದರಲ್ಲಿ ನಾಲ್ಕು ಪಾಲು ಕೊಳಚೆಯಾಗಿ ಹೊರಬೀಳುವುದೆಂಬುದು ಇಂಜಿನಿಯರುಗಳ ರೂಢಿಯ ಲೆಕ್ಕ. ಶುದ್ಧೀಕರಣವಾದರೋ ಮೊದಮೊದಲು ಕಸವನ್ನು ಜಾಲಿಸಿ ಗಸಿಯನ್ನು ಇಳಿಸುವ ಪ್ರಾಥಮಿಕ ಹಂತಕ್ಕೇ ನಿಂತಿದ್ದು, ಸೂಕ್ಷ್ಮಜೀವಿಗಳಿಂದ ಕೊಳೆಯನ್ನು ಅರಗಿಸುವ ಎರಡನೆಯ ಹಂತವು ಬಹಳ ವರ್ಷಗಳ ಅನಂತರ ಬಂದಿತು. ಕನಕಪುರದ ರಸ್ತೆಯುದ್ದಕ್ಕೂ ಕೊಳವೆಯಲ್ಲಿ ಮೇಲೇರಿ ಹೋದ ಕಾವೇರಿಯ ಒಂದು ದೊಡ್ಡ ಪಾಲು, ನಗರದ ಪಶ್ಚಿಮ ಭಾಗದಲ್ಲಿ ಬಳಕೆಯಾಗಿ, ಪೀಣ್ಯ ಮೊದಲಾದ ಕೈಗಾರಿಕಾ ಪ್ರದೇಶಗಳ ತ್ಯಾಜ್ಯವನ್ನೂ ಹೊತ್ತು, ವೃಷಭಾವತಿಯ ಹೆಸರಿನಲ್ಲಿ ಅದೇ ಕನಕಪುರಕ್ಕೆ ಇಳಿದು ಬಂದಿತು.

ಬೆಂಗಳೂರಿನ ಒಳಚರಂಡಿಯು ಲಂಡನ್ನಿನ ಅಥವಾ ಅಮೆರಿಕದ ಹಳೆಯ ನಗರಗಳ ಒಳಚರಂಡಿಯಂತೆ ಮಳೆಯನ್ನೂ ಕೊಳಚೆಯನ್ನೂ ಒಂದೇ ಕೊಳವೆಯಲ್ಲಿ ಸಾಗಿಸುವುದಲ್ಲ. ಇಲ್ಲಿ ನಿಯಮದ ಪ್ರಕಾರ ಎರಡೂ ಬೇರೆ. ಆದರೆ ಮನೆಯ ತಾರಸಿಯ ನೀರನ್ನು ಒಳಚರಂಡಿಗೆ ಸೇರಿಸಿದವರುಂಟು. ಒಳಚರಂಡಿಯಿಲ್ಲದ ಬಡಾವಣೆಗಳು ತಮ್ಮ ಕೊಳಚೆಯನ್ನು ರಾಜಕಾಲುವೆಗೆ ಬಿಟ್ಟದ್ದುಂಟು. ಹೂಳೂ ಪ್ಲಾಸ್ಟಿಕ್ಕೂ ಕಟ್ಟಿ ಕೊಳವೆಗಳು ಅರ್ಧ ಮುಚ್ಚಿಹೋದದ್ದುಂಟು. ಮುಂಗಾರಿನ ಮೊದಲ ಬಿರುಮಳೆಗೆ ಒಳಗಿನ ಒತ್ತಡ ತಾಳಲಾರದೆ ಮ್ಯಾನ್‌ಹೋಲಿನ ಮುಚ್ಚಳ ಎತ್ತಿಕೊಂಡು ಕೊಳಚೆ ಉಕ್ಕುವುದೂ, ಬೇಸಿಗೆಯೆಲ್ಲ ರಸ್ತೆಯ ಮೇಲೆ ಕೂತ ಎಣ್ಣೆ, ಧೂಳು, ಕಸ ಅದರೊಡನೆ ಬೆರೆತು ಹೊಳೆಗೆ ಧುಮುಕುವುದೂ ಹೀಗೆಯೇ. ವೃಷಭಾವತಿಯೂ ಪಶ್ಚಿಮವಾಹಿನಿಯೂ ಕೂಡುವೆಡೆಯಲ್ಲಿ ಕಟ್ಟಿದರೆಂದು ಹೇಳುವ ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯೊಳಕ್ಕೆ ದೊಡ್ಡ ಮಳೆಗಳಲ್ಲಿ ಈ ನೀರು ನುಗ್ಗಿದ್ದುಂಟು. ಗುಡಿಯ ಹೊಸ್ತಿಲು ದಾಟಿದ ನೀರಿನ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ಅದೇ ನೀರು ಮಾರನೆಯ ದಿನ ಬೈರಮಂಗಲದ ತೂಬಿನಲ್ಲಿ ಬೆಳ್ಳಗೆ ನೊರೆಯೆದ್ದು ಹಾರಿ ಗದ್ದೆಗೆ ಇಳಿಯುವುದು ಸುದ್ದಿಯಾಗುವುದು ಅಪರೂಪ. ಅಲ್ಲಿ ಅದು ನಿತ್ಯದ ಬಾಳು.

ಬೈರಮಂಗಲದ ಅಚ್ಚುಕಟ್ಟಿನ ಬದಲಾವಣೆಯನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಏಕೆಂದರೆ ಹೊರಗಿನಿಂದ ನೋಡುವವರು ಅದನ್ನು ಸಾಮಾನ್ಯವಾಗಿ ಬರಿಯ ನಾಶವೆಂದೇ ತಿಳಿಯುವರು. ಭತ್ತ ಬೆಳೆಯುತ್ತಿದ್ದ ರೈತನು ಹಂತಹಂತವಾಗಿ ಭತ್ತವನ್ನು ಬಿಟ್ಟು, ಹಸುವಿಗೆ ಸೀಮೆಹುಲ್ಲು, ಪೇಟೆಗೆ ಬೇಬಿಕಾರ್ನ್, ಹುಳುವಿಗೆ ಹಿಪ್ಪುನೇರಳೆ, ದಡದಲ್ಲಿ ತೆಂಗು ಎಂದು ಹೊಸ ಬೇಸಾಯವನ್ನು ಕಟ್ಟಿಕೊಂಡನು. ಸುತ್ತಣ ಸೀಮೆಯಲ್ಲಿ ಬಾವಿಗಳು ಬತ್ತಿ ಕೊಳವೆಬಾವಿ ಪಾತಾಳ ಮುಟ್ಟಿದ ವರ್ಷಗಳಲ್ಲಿಯೂ ಇಲ್ಲಿನ ನಾಲೆ ಬತ್ತಲಿಲ್ಲ; ಗೊಬ್ಬರದ ಸಾರವೂ ನೀರಿನೊಡನೆಯೇ ಬಂದಿತು. ಆ ಸಾರದೊಡನೆ ಬಂದುದರಲ್ಲಿ ಭಾರಲೋಹಗಳೂ ಇರುವುದನ್ನು, ಮಣ್ಣಿನಲ್ಲಿಯೂ ಬೆಳೆಯಲ್ಲಿಯೂ ಅವುಗಳ ಅಂಶ ಕಂಡುಬಂದಿರುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಆ ನೀರಿನಲ್ಲಿ ಕಾಲಿಟ್ಟು ಹುಲ್ಲು ಕೊಯ್ಯುವ ಹೆಂಗಸರು ಕಾಲಿನ ತುರಿಕೆಯ ಮಾತನ್ನು ಹೇಳುತ್ತಾರೆ. ಆದರೂ ನಾಲೆಯನ್ನು ನಿಲ್ಲಿಸಿಬಿಡಿ ಎಂದರೆ ಮನೆ ನಡೆಯುವುದು ಹೇಗೆಂದು ಕೇಳುತ್ತಾರೆ. ಈ ಪ್ರಶ್ನೆಯನ್ನು ಅಲಕ್ಷಿಸಿ ಬರೆದ ಯಾವ ಯೋಜನೆಯೂ ನ್ಯಾಯವಾದುದಲ್ಲ. ಅವರಿಗೆ ಬೇಕಾದದ್ದು ನೀರು, ಅದೂ ಶುದ್ಧವಾದ ನೀರು. ಕಳೆದ ಕೆಲವು ವರ್ಷಗಳಲ್ಲಿ ಕೊಳಚೆಯನ್ನು ಜಲಾಶಯದ ಪಕ್ಕದ ಕಾಲುವೆಯಲ್ಲಿ ತಿರುಗಿಸಿ ಕೆಳಕ್ಕೆ ಕಳುಹಿಸುವ ಕಾಮಗಾರಿಯನ್ನು ಕೈಗೊಂಡರು. ಜಲಾಶಯವು ಇದರಿಂದ ತಿಳಿಯಾಗಬಹುದು; ಕೊಳಚೆ ಮಾತ್ರ ಇನ್ನೂ ಬೇಗನೆ ಅರ್ಕಾವತಿಯನ್ನು ಮುಟ್ಟುವುದು.

ಲಂಡನ್ನಿನವರೂ ಒಮ್ಮೆ ಇದನ್ನೇ ಮಾಡಿದ್ದರು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ಗಂಧವು ಪಾರ್ಲಿಮೆಂಟಿನ ಸದಸ್ಯರನ್ನೇ ಓಡಿಸುವಷ್ಟಾದಾಗ, ಬ್ಯಾಜಲ್‌ಗೆಟ್ ಎಂಬ ಇಂಜಿನಿಯರು ನದಿಯ ಎರಡು ದಡಗಳಲ್ಲಿ ಮಹಾ ಒಳಚರಂಡಿಗಳನ್ನು ಕಟ್ಟಿ, ನಗರದ ಕೊಳೆಯನ್ನೆಲ್ಲ ಪೂರ್ವಕ್ಕೆ, ಊರಿನ ಕೆಳಗೆ ಒಯ್ದು ಸುರಿದನು. ಲಂಡನ್ನಿನ ಮೂಗಿಗೆ ನೆಮ್ಮದಿಯಾಯಿತು, ಕಾಲರಾ ಇಳಿಯಿತು. ಆದರೆ 1878ರಲ್ಲಿ ಆ ಕೊಳೆ ಬೀಳುವ ತಾಣದ ಸಮೀಪದಲ್ಲಿ ‘ಪ್ರಿನ್ಸೆಸ್ ಆಲಿಸ್’ ಎಂಬ ಪ್ರಯಾಣದ ಹಡಗು ಮುಳುಗಿ ಆರುನೂರಕ್ಕೂ ಹೆಚ್ಚು ಮಂದಿ ಆ ಹೊಲಸು ನೀರಿನಲ್ಲಿ ಸತ್ತ ತರುವಾಯವೇ, ಕೊಳೆಯನ್ನು ಸಾಗಿಸಿದರೆ ಸಾಲದು, ಅದರ ಘನಾಂಶವನ್ನಾದರೂ ಬೇರ್ಪಡಿಸಬೇಕೆಂಬ ವಿವೇಕ ಆ ನಗರಕ್ಕೆ ಬಂದಿತು.

ನಮ್ಮಲ್ಲಿ ಜಲಾನಯನದ ವಿವೇಕವೇ ಇರಲಿಲ್ಲವೆಂದು ಹೇಳುವಂತಿಲ್ಲ. 1983-84ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಮಳೆಯಾಶ್ರಿತ ಬೇಸಾಯದ ಜಲಾನಯನಾಭಿವೃದ್ಧಿಗೆಂದು ನಾಲ್ಕು ರಾಜ್ಯಗಳಲ್ಲಿ ಒಂದೊಂದು ಪ್ರಾಯೋಗಿಕ ಕ್ಷೇತ್ರವನ್ನು ಆರಿಸಿದಾಗ, ಕರ್ನಾಟಕದಿಂದ ಆಯ್ದದ್ದು ಕನಕಪುರ ತಾಲ್ಲೂಕಿನ ಕಬ್ಬಾಳ ನಾಲಾ. ಕಬ್ಬಾಳಮ್ಮನ ಬೆಟ್ಟದ ಸೀಮೆಯ ಆ ಇಳಿಜಾರುಗಳಲ್ಲಿ ಹಳ್ಳಿಯ ಗಡಿಯನ್ನಾಗಲಿ ಸರ್ವೆ ನಂಬರನ್ನಾಗಲಿ ನೋಡದೆ, ಮಳೆಯ ಹನಿ ಬಿದ್ದಲ್ಲಿಂದ ಹಳ್ಳ ಸೇರುವವರೆಗಿನ ನೆಲವನ್ನೆಲ್ಲ ಒಂದೇ ಎಂದು ಭಾವಿಸಿ, ಮೇಲಿನಿಂದ ಕೆಳಕ್ಕೆ ಕೆಲಸ ಮಾಡುವುದು ಅದರ ತತ್ತ್ವವಾಗಿತ್ತು. ಮಣ್ಣಿನ ಬದುಗಳಿಗೆ ಬದಲಾಗಿ ಸಮಪಾತಳಿಯ ಗೆರೆಯಲ್ಲಿ ಲಾವಂಚದ ಬೇಲಿ ನೆಡುವ ಪ್ರಯೋಗವೂ ಅಲ್ಲಿ ನಡೆಯಿತು. ಲಾವಂಚದ ಬೇಲಿಯು ಗುಂಡ್ಲುಪೇಟೆಯ ಕಡೆಯ ರೈತರಿಗೆ ಮೊದಲೇ ಗೊತ್ತಿದ್ದ ವಿದ್ಯೆಯೆಂಬುದನ್ನು ಕಂಡು ಹೊರಗಿನ ತಜ್ಞರೇ ಬೆರಗಾದರು. ಆ ಪ್ರಯೋಗದಲ್ಲಿ ಎಷ್ಟು ಬದು ಉಳಿಯಿತು, ಎಷ್ಟು ಹುಲ್ಲು ಒಣಗಿತು ಎಂಬ ವಿಮರ್ಶೆಗೆ ಇಲ್ಲಿ ಎಡೆಯಿಲ್ಲ. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಮತ್ತೊಂದು: ಮಣ್ಣಿನ ಸವಕಳಿಯನ್ನು ತಡೆಯಲು ಇಡೀ ಇಳಿಜಾರನ್ನು ಒಂದಾಗಿ ನೋಡಬೇಕೆಂಬ ಪಾಠವನ್ನು ಕನಕಪುರದ ನೆಲದ ಮೇಲೆಯೇ ಕಲಿತ ಸರ್ಕಾರವು, ಅದೇ ತಾಲ್ಲೂಕಿಗೆ ಬರುತ್ತಿದ್ದ ಕೊಳಚೆಯ ವಿಷಯದಲ್ಲಿ ಆ ಪಾಠವನ್ನು ಅನ್ವಯಿಸಲಿಲ್ಲ. ಕೃಷಿ ಒಬ್ಬರ ಕೈಯಲ್ಲಿ, ಒಳಚರಂಡಿ ಮತ್ತೊಬ್ಬರ ಕೈಯಲ್ಲಿ, ನಾಲೆ ಮೂರನೆಯವರ ಕೈಯಲ್ಲಿ ಇತ್ತು.

ಇಂಥದೇ ಅರ್ಧದೃಷ್ಟಿ 2003ರ ನವೆಂಬರಿನ ಆದೇಶದಲ್ಲಿಯೂ ಕಾಣುವುದು. ತಿಪ್ಪಗೊಂಡನಹಳ್ಳಿಗೆ ಬರುವ ನೀರು ಕಡಮೆಯಾಗಿ, ಬಡಾವಣೆಗಳೂ ಕಾರ್ಖಾನೆಗಳೂ ದಡಕ್ಕೆ ಒತ್ತಿ ಬರುತ್ತಿದ್ದುದನ್ನು ಕಂಡ ಸರ್ಕಾರವು, 1,400 ಚದರ ಕಿಲೋಮೀಟರಿಗೂ ಮಿಗಿಲಾದ ಆ ಜಲಾನಯನವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ, ಜಲಾಶಯದ ಸುತ್ತಲೂ ನದಿಯ ಇಕ್ಕೆಲಗಳಲ್ಲಿಯೂ ಏನನ್ನು ಕಟ್ಟಬಹುದು, ಏನನ್ನು ಕಟ್ಟಬಾರದೆಂದು ವಿಧಿಸಿತು. ನದಿಯ ಗುಣವನ್ನು ನೆಲದ ಬಳಕೆಯಿಂದ ಕಾಯಬೇಕೆಂಬ ತತ್ತ್ವವನ್ನು ಶಾಸನದ ಮಾತಿನಲ್ಲಿ ಬರೆದ ಈ ಆದೇಶವನ್ನು ನಾನು ಗೌರವಿಸುತ್ತೇನೆ. 2019ರಲ್ಲಿ ಆ ರಕ್ಷಣೆಯನ್ನು ಸಡಿಲಿಸಿದ್ದು ದುಃಖದ ಸಂಗತಿ. ಅರ್ಕಾವತಿಯ ಮೇಲುಭಾಗ ಬತ್ತಿದ್ದೇಕೆಂದು 2010ರ ದಶಕದಲ್ಲಿ ಬೆಂಗಳೂರಿನ ಏಟ್ರೀ ಸಂಸ್ಥೆಯ ವಿದ್ವಾಂಸರು ಶೋಧಿಸಿ, ಮಳೆ ಕಡಮೆಯಾದದ್ದು ಕಾರಣವಲ್ಲ, ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದೂ ನೀಲಗಿರಿ ತೋಪುಗಳು ಹರಡಿದ್ದೂ ಮುಖ್ಯ ಕಾರಣಗಳೆಂದು ತೋರಿಸಿದ ಮೇಲೆ, ರಕ್ಷಣೆಯನ್ನು ಬಿಗಿಗೊಳಿಸಬೇಕಾಗಿತ್ತು. ಆದರೆ ನನ್ನ ದೊಡ್ಡ ಆಕ್ಷೇಪ ಬೇರೆಯದು. ಬೆಂಗಳೂರು ಕುಡಿಯುವ ನೀರಿನ ಜಲಾನಯನಕ್ಕೆ ಒಂದು ಆದೇಶ ಬಂದಿತು. ಬೆಂಗಳೂರು ಕೆಡಿಸಿಬಿಟ್ಟ ನೀರಿನ ಜಲಾನಯನವಾದ ವೃಷಭಾವತಿಗೆ ಅಂಥ ಆದೇಶ ಬರಲಿಲ್ಲ. ಮಾಗಡಿಯ ರೈತನು ನಗರಕ್ಕಾಗಿ ತನ್ನ ನೆಲದ ಮೇಲೆ ನಿರ್ಬಂಧವನ್ನು ಹೊತ್ತನು. ಕನಕಪುರದ ರೈತನಿಗಾಗಿ ನಗರವು ತನ್ನ ಮೇಲೆ ಹೊತ್ತುಕೊಂಡ ನಿರ್ಬಂಧ ಯಾವುದು?

ಅಮೆರಿಕದಲ್ಲಿ 1972ರ ಶುದ್ಧಜಲ ಕಾಯಿದೆಯಾದ ಮೇಲೂ ಮಳೆಗಾಲದ ಒಳಚರಂಡಿಯ ಉಕ್ಕುವಿಕೆ ನಿಲ್ಲದೆ, 1994ರಲ್ಲಿ ಅದಕ್ಕೆಂದೇ ಪ್ರತ್ಯೇಕವಾದ ರಾಷ್ಟ್ರೀಯ ನೀತಿಯನ್ನು ಮಾಡಬೇಕಾಯಿತು. 2011ರಲ್ಲಿ ಫಿಲಡೆಲ್ಫಿಯಾ ನಗರವು 25 ವರ್ಷಗಳ ಯೋಜನೆಯನ್ನು ಕೈಗೊಂಡು, ನೆಲದಡಿಯ ದೊಡ್ಡ ಸುರಂಗಗಳನ್ನೇ ನೆಚ್ಚದೆ, ಬೀದಿಯ ಮರದ ಪಾತಿ, ಶಾಲೆಯ ಅಂಗಳ, ಇಂಗುಗುಂಡಿಗಳಲ್ಲಿ ಮಳೆಯನ್ನು ಬಿದ್ದಲ್ಲಿಯೇ ಹಿಡಿಯಲು ತೊಡಗಿತು. ನ್ಯೂಯಾರ್ಕ್ ನಗರವಂತೂ 1997ರಲ್ಲಿ ತನಗೆ ನೀರು ಬರುವ ಕ್ಯಾಟ್‌ಸ್ಕಿಲ್ ಬೆಟ್ಟಗಳ ಹಳ್ಳಿಗರೊಡನೆ ಒಪ್ಪಂದ ಮಾಡಿಕೊಂಡು, ಅವರ ಒಳಚರಂಡಿಗೂ ಕೊಟ್ಟಿಗೆಗೂ ತಾನೇ ಹಣವಿತ್ತಿತು. ಅಲ್ಲಿ ನಗರವು ಕೆಳಗೆ, ಹಳ್ಳಿ ಮೇಲೆ. ಇಲ್ಲಿ ನಗರವು ಮೇಲೆ, ಹಳ್ಳಿ ಕೆಳಗೆ. ಕೆಳಗಿದ್ದು ಕುಡಿಯುವ ನಗರಕ್ಕೆ ಮೇಲಿನವರ ಋಣವಿರುವುದಾದರೆ, ಮೇಲಿದ್ದು ಕೊಳಚೆ ಬಿಡುವ ನಗರಕ್ಕೆ ಕೆಳಗಿನವರ ಋಣ ಇನ್ನೂ ದೊಡ್ಡದಲ್ಲವೆ?

ದೋಷವೆಲ್ಲ ಬೆಂಗಳೂರಿನದೇ ಎಂದೆಣಿಸುವುದೂ ತಪ್ಪಾಗುತ್ತದೆ. ವೃಷಭಾವತಿ ಸೇರುವುದಕ್ಕೆ ಎಷ್ಟೋ ಮೇಲೆಯೇ ರಾಮನಗರವು ತನ್ನ ಚರಂಡಿಗಳನ್ನು ಅರ್ಕಾವತಿಗೆ ಬಿಟ್ಟುಕೊಂಡಿದೆ. ಏಷ್ಯದಲ್ಲಿಯೇ ದೊಡ್ಡದೆಂದು ಹೆಸರಾದ ಅಲ್ಲಿನ ಗೂಡಿನ ಮಾರುಕಟ್ಟೆಯ ಸುತ್ತ ನೂಲು ಬಿಚ್ಚುವ ಮನೆಗಳು ಹಬ್ಬಿವೆ; ಗೂಡನ್ನು ಕುದಿನೀರಿನಲ್ಲಿ ಬೇಯಿಸುವಾಗ ರೇಷ್ಮೆಯ ಅಂಟು ನೀರಿಗೆ ಇಳಿಯುತ್ತದೆ, ಅದು ಕೊಳೆತು ಹೊಳೆಯ ಪ್ರಾಣವಾಯುವನ್ನು ಹೀರುತ್ತದೆ. ನದಿಯ ದಡದಲ್ಲಿಯೇ ಇರುವ ಊರು ಕುಡಿಯುವ ನೀರಿಗಾಗಿ ಚನ್ನಪಟ್ಟಣದೊಡನೆ ಶಿಂಷೆಯ ಕಡೆಗೆ ಕೈಚಾಚಬೇಕಾದುದನ್ನು ನೆನೆದರೆ ಸಂಕಟವಾಗುತ್ತದೆ.

2015ರಲ್ಲಿ ತಮಿಳುನಾಡು ಸರ್ಕಾರವು ಕಾವೇರಿಗೂ ಪಿನಾಕಿನಿಗೂ ಕರ್ನಾಟಕದ ಕೊಳಚೆ ಬಂದು ಸೇರುತ್ತಿದೆಯೆಂದು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಗುರುತಿಸಿದ 351 ಮಲಿನ ನದೀಭಾಗಗಳಲ್ಲಿ ಕರ್ನಾಟಕದವು 17, ಅವುಗಳಲ್ಲಿ ಅರ್ಕಾವತಿ ಒಂದು. ಆ ಪಟ್ಟಿಯನ್ನು ಮುಂದಿಟ್ಟುಕೊಂಡು ರಾಷ್ಟ್ರೀಯ ಹಸಿರು ಪೀಠವು ಪ್ರತಿ ರಾಜ್ಯವೂ ನದೀಪುನರುಜ್ಜೀವನ ಸಮಿತಿಯನ್ನು ರಚಿಸಬೇಕೆಂದು ಆಜ್ಞಾಪಿಸಿತು. ನೆರೆರಾಜ್ಯದ ದೂರನ್ನು ಕೇಳಿದಾಗ ನಮಗೆ ಅಭಿಮಾನ ಕೆರಳುವುದು ಸಹಜ. ಆದರೆ ಆ ಕೊಳಚೆ ತಮಿಳುನಾಡಿನ ಮೆಟ್ಟೂರಿಗೆ ಮುಟ್ಟುವ ಮೊದಲು ಬೈರಮಂಗಲ, ಕನಕಪುರ, ಅದರ ಕೆಳಗಿನ ಹಾರೋಬೆಲೆಗಳನ್ನು ಮುಟ್ಟಿರುತ್ತದೆ.

ಈಗ ಮೇಕೆದಾಟಿನ ಯೋಜನೆಯು ರಾಜ್ಯದ ಮುಂದಿದೆ. 67 ಟಿಎಂಸಿಗೆ ಮೇಲ್ಪಟ್ಟ ನೀರನ್ನು ಹಿಡಿಯುವ, ಅದರಲ್ಲಿ 4.75 ಟಿಎಂಸಿಯನ್ನು ಬೆಂಗಳೂರಿಗೂ ಸುತ್ತಣ ಪ್ರದೇಶಕ್ಕೂ ಕುಡಿಯಲು ಕೊಡುವ ಆ ಅಣೆಕಟ್ಟೆಯನ್ನು ಕಟ್ಟಲು ಉದ್ದೇಶಿಸಿರುವ ಸ್ಥಳವು ಸಂಗಮದ ಕೆಳಗಿದೆ. ಎಂದರೆ ಕಾವೇರಿಯ ನೀರಿನೊಡನೆ ಅರ್ಕಾವತಿಯ ನೀರೂ ಅಲ್ಲಿ ನಿಲ್ಲುವುದು. ಬೆಂಗಳೂರು ಬಿಟ್ಟದ್ದು ಬೆಂಗಳೂರಿನ ಬಟ್ಟಲಿಗೇ ಮರಳುವುದು. ಕೆಳದಂಡೆಯವರ ಕಷ್ಟ ನಗರದ ಕಿವಿಗೆ ಐವತ್ತು ವರ್ಷಗಳಲ್ಲಿ ಬೀಳದಿದ್ದರೆ, ಈ ಲೆಕ್ಕವಾದರೂ ಬೀಳಬೇಕು. ಅಣೆಕಟ್ಟೆಯ ಮಾತಿಗೆ ಮುಂಚೆ ಮಾಡಬಹುದಾದ ಕೆಲಸವೊಂದುಂಟು: ಕೆಂಗೇರಿಯಲ್ಲಿ, ಬೈರಮಂಗಲದ ತೂಬಿನಲ್ಲಿ, ರಾಮನಗರದ ಸೇತುವೆಯ ಕೆಳಗೆ, ಭದ್ರಗುಂಡದದೊಡ್ಡಿಯ ಕೂಡುವೆಡೆಯಲ್ಲಿ ನೀರಿನ ಪ್ರಮಾಣವನ್ನೂ ಗುಣವನ್ನೂ ದಿನವೂ ಅಳೆದು, ಬೆಂಗಳೂರಿನ ಜಲಮಂಡಳಿ, ನೀರಾವರಿ ನಿಗಮ, ಮಾಲಿನ್ಯ ಮಂಡಳಿ, ತಾಲ್ಲೂಕುಗಳ ಪಂಚಾಯಿತಿ ಇವರೆಲ್ಲ ಒಂದೇ ಕಡತದಲ್ಲಿ ಆ ಅಂಕಿಗಳನ್ನು ಬರೆಯುವುದು, ಬರೆದದ್ದನ್ನು ಅಚ್ಚುಕಟ್ಟಿನ ರೈತನು ಹೋಗಿ ಓದುವಂತೆ ಊರಿನ ಹಾಲಿನ ಡೇರಿಯ ಗೋಡೆಗೆ ಹಚ್ಚುವುದು.